ಮಿದುಳಿನ ಕೋಶಗಳು, ಹಾಳಾದ ಮೈಟೊಕಾಂಡ್ರಿಯಾ ಮತ್ತು ಮುಪ್ಪು



ಹೊಸೂರು, ಬಾಗಲೂರು, ತಳಿ, ಡೆಂಕಣಿಕೋಟೆ, ಕೃಷ್ಣಗಿರಿ ಕಡೆಯ ಸದಸ್ಯರ ಮನೆಗಳಲ್ಲಿ ಕುಳಿತಾಗ ಹಿರಿಯರ ಆರೋಗ್ಯದ ಮಾತು ಬಂದೇ ಬರುತ್ತದೆ. ಅಜ್ಜನ ಕೈ ನಡುಗುತ್ತದೆ, ಕಾಫಿ ಲೋಟ ಹಿಡಿಯಲು ಆಗುವುದಿಲ್ಲ. ಅಜ್ಜಿ ಒಂದೇ ಮಾತನ್ನು ಅರ್ಧ ಗಂಟೆಯಲ್ಲಿ ನಾಲ್ಕು ಸಲ ಕೇಳುತ್ತಾರೆ. ಮನೆಯವರು ಹೇಳುವುದು ಹೆಚ್ಚಾಗಿ ಒಂದೇ: "ವಯಸ್ಸಾಯ್ತಲ್ಲ, ಇನ್ನೇನು ಮಾಡೋಕಾಗುತ್ತೆ?"

ಈ ಮಾತು ಪೂರ್ತಿ ಸರಿಯಲ್ಲ ಎಂದು ತಿಳಿಸುವುದಕ್ಕಾಗಿಯೇ ಈ ಲೇಖನ. ವಯಸ್ಸಾಗುವುದು ಬೇರೆ, ಕಾಯಿಲೆ ಬರುವುದು ಬೇರೆ. ಎರಡರ ನಡುವೆ ಮಿದುಳಿನ ಒಂದೊಂದು ಕೋಶದೊಳಗೂ ಒಂದು ಕೆಲಸ ನಡೆಯುತ್ತಿರುತ್ತದೆ. ಅದು ಕೆಟ್ಟುಹೋದ ಮೈಟೊಕಾಂಡ್ರಿಯಾಗಳನ್ನು ಗುರುತಿಸಿ ತೆಗೆದುಹಾಕುವ ಕೆಲಸ. ಅದು ಹೇಗೆ ನಡೆಯುತ್ತದೆ, ವಯಸ್ಸಾದಂತೆ ಏಕೆ ನಿಧಾನವಾಗುತ್ತದೆ, ಇದರ ಬಗ್ಗೆ ನಮ್ಮ ಪಕ್ಕದ ಬೆಂಗಳೂರಿನಲ್ಲಿ ಏನೇನು ತಿಳಿದುಬಂದಿದೆ, ನಮ್ಮ ಮನೆಗಳಿಗೆ ಇದರಿಂದ ಏನು ಉಪಯೋಗ ಎಂಬುದನ್ನು ಒಂದೊಂದಾಗಿ ನೋಡೋಣ.

ಮೈಟೊಕಾಂಡ್ರಿಯಾ ಎಂದರೇನು?

ಶಾಲೆಯಲ್ಲಿ ಓದಿದ್ದು ಕೆಲವರಿಗೆ ನೆನಪಿರಬಹುದು. ಜೀವಕೋಶದೊಳಗೆ ಶಕ್ತಿ ತಯಾರಿಸುವ ಪುಟ್ಟ ಘಟಕಗಳೇ ಮೈಟೊಕಾಂಡ್ರಿಯಾ. ನಾವು ತಿಂದ ಆಹಾರದ ಅಂಶ ಮತ್ತು ಉಸಿರಾಡಿದ ಆಮ್ಲಜನಕ ಸೇರಿ, ಎಟಿಪಿ ಎಂಬ ಇಂಧನವಾಗುವುದು ಹೆಚ್ಚಾಗಿ ಇಲ್ಲಿಯೇ.

ದೊಡ್ಡವರ ಮಿದುಳಿನ ತೂಕ ಒಂದೂಕಾಲರಿಂದ ಒಂದೂವರೆ ಕಿಲೋ. ಇದು ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟು. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟು ಮಿದುಳಿಗೇ ಬೇಕು. ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ ಎಂಬುದು ಈಗ ಒಪ್ಪಿತವಾದ ಅಂದಾಜು. ಇವು ಹಗಲು ರಾತ್ರಿ ಕೆಲಸ ಮಾಡುತ್ತವೆ. ಹಾಗಾಗಿ ಮೈಟೊಕಾಂಡ್ರಿಯಾ ಕೆಟ್ಟರೆ ಅದರ ಬಿಸಿ ಮೊದಲು ತಟ್ಟುವ ಅಂಗಗಳಲ್ಲಿ ಮಿದುಳೂ ಒಂದು.

ಮೈಟೊಕಾಂಡ್ರಿಯಾಗೆ ತನ್ನದೇ ಆದ ಪುಟ್ಟ ಡಿಎನ್ಎ ಇದೆ. ಅದರಲ್ಲಿರುವುದು 37 ವಂಶವಾಹಿಗಳು ಮಾತ್ರ. ನಮಗೆ ಅದು ಬರುವುದು ತಾಯಿಯಿಂದ. ನಿಮ್ಮ ಅಮ್ಮನ, ಅವರ ಅಮ್ಮನ ಮೈಟೊಕಾಂಡ್ರಿಯಾಗಳ ಸಂತತಿಯೇ ಇವತ್ತು ನಿಮ್ಮ ಮಿದುಳಿಗೆ ಶಕ್ತಿ ಕೊಡುತ್ತಿದೆ.

ಅವು ಏಕೆ ಹಾಳಾಗುತ್ತವೆ?

ಶಕ್ತಿ ತಯಾರಾಗುವಾಗ ಒಂದಿಷ್ಟು ಎಲೆಕ್ಟ್ರಾನುಗಳು ದಾರಿತಪ್ಪಿ ಸೋರುತ್ತವೆ. ಅವು ಆಮ್ಲಜನಕದ ಜೊತೆ ಸೇರಿದಾಗ ಸುತ್ತಲಿನ ಪ್ರೋಟೀನು, ಕೊಬ್ಬು, ಡಿಎನ್ಎಗಳಿಗೆ ಹಾನಿ ಮಾಡುವ ವಸ್ತುಗಳು ಹುಟ್ಟುತ್ತವೆ. ಸೌದೆ ಒಲೆ ಉರಿದಂತೆಲ್ಲ ಅಡುಗೆಮನೆ ಗೋಡೆಗೆ ಮಸಿ ಹಿಡಿಯುವ ಹಾಗೆ. ಹಾಳಾದ ಮೈಟೊಕಾಂಡ್ರಿಯಾ ಶಕ್ತಿ ಕಡಿಮೆ ಕೊಡುತ್ತದೆ, ಮಸಿ ಹೆಚ್ಚು ಉಗುಳುತ್ತದೆ. ಅದನ್ನು ಹಾಗೇ ಬಿಟ್ಟರೆ ಪಕ್ಕದ ಒಳ್ಳೆಯವನ್ನೂ ಕೆಡಿಸುತ್ತದೆ.

ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕಿ ಹೋಗುತ್ತದೆ, ಹೊಸದು ಬರುತ್ತದೆ. ಚರ್ಮದ ಕೋಶಗಳೂ ಹೀಗೆಯೇ ಬದಲಾಗುತ್ತವೆ. ಆದರೆ ಮಿದುಳಿನ ಬಹುಪಾಲು ನರಕೋಶಗಳು ನಾವು ಹುಟ್ಟುವ ಹೊತ್ತಿಗೇ ತಯಾರಾಗಿರುತ್ತವೆ. ಅವು ಮತ್ತೆ ವಿಭಜನೆ ಆಗುವುದಿಲ್ಲ. ಎಂಬತ್ತು ವರ್ಷದ ಅಜ್ಜಿಯ ನರಕೋಶಕ್ಕೂ ಎಂಬತ್ತೇ ವರ್ಷ. ಹಳೆಯ ಮನೆ ಕೆಡವಿ ಹೊಸದು ಕಟ್ಟುವ ಹಾಗಿಲ್ಲದಾಗ ಇದ್ದ ಮನೆಯನ್ನೇ ದಿನದಿನವೂ ಗುಡಿಸಿ, ಸಾರಿಸಿ, ರಿಪೇರಿ ಮಾಡಿಕೊಂಡಿರಬೇಕು. ನರಕೋಶದ ಪರಿಸ್ಥಿತಿಯೂ ಅದೇ.

ಹಾಳಾದದ್ದನ್ನು ಗುರುತಿಸುವ ಬಗೆ

ಕೋಶ ತನ್ನೊಳಗಿನ ಹಳೆಯ ಭಾಗಗಳನ್ನು ತಾನೇ ಜೀರ್ಣಿಸಿಕೊಳ್ಳುವುದಕ್ಕೆ ಆಟೋಫೇಜಿ, ಅಂದರೆ ಸ್ವಭಕ್ಷಣೆ, ಎಂದು ಹೆಸರು. ಮೈಟೊಕಾಂಡ್ರಿಯಾಗಳನ್ನೇ ಆರಿಸಿ ಹೀಗೆ ತೆಗೆಯುವುದಕ್ಕೆ ಮೈಟೋಫೇಜಿ ಎನ್ನುತ್ತಾರೆ.

ಹೊಸೂರಿನ ಸಿಪ್‌ಕಾಟ್ ಕಾರ್ಖಾನೆಗಳಲ್ಲಿ ಕೆಲಸ ಮಾಡಿದ ಸದಸ್ಯರಿಗೆ ಇದು ಬೇಗ ಅರ್ಥವಾಗುತ್ತದೆ. ಲೈನಿನಲ್ಲಿ ಒಂದು ಬಿಡಿಭಾಗ ಸರಿಯಿಲ್ಲದಿದ್ದರೆ ಅದಕ್ಕೆ ರಿಜೆಕ್ಟ್ ಟ್ಯಾಗ್ ಕಟ್ಟಿ ಬೇರೆ ಟ್ರೇಗೆ ಹಾಕುತ್ತಾರೆ. ಅಲ್ಲಿಂದ ಅದು ಸ್ಕ್ರ್ಯಾಪ್‌ಗೆ ಹೋಗುತ್ತದೆ, ಕರಗಿ ಮತ್ತೆ ಲೋಹವಾಗುತ್ತದೆ. ಕೋಶದಲ್ಲೂ ಹೆಚ್ಚುಕಡಿಮೆ ಹೀಗೆಯೇ.

1. ತಪಾಸಣೆ: ಪಿಂಕ್-1 ಎಂಬ ಪ್ರೋಟೀನು ತಪಾಸಣೆ ಮಾಡುವವನಿದ್ದ ಹಾಗೆ. ಮೈಟೊಕಾಂಡ್ರಿಯಾ ಆರೋಗ್ಯವಾಗಿದ್ದರೆ ಪಿಂಕ್-1 ಅದರ ಒಳಗೆ ಎಳೆಯಲ್ಪಟ್ಟು ಕತ್ತರಿಸಿಹೋಗುತ್ತದೆ, ಹೊರಗೆ ಉಳಿಯುವುದಿಲ್ಲ. ಮೈಟೊಕಾಂಡ್ರಿಯಾ ಕೆಟ್ಟು ಅದರ ಪೊರೆಯ ವಿದ್ಯುತ್ ಒತ್ತಡ ಇಳಿದಾಗ ಈ ಎಳೆತ ನಿಲ್ಲುತ್ತದೆ. ಆಗ ಪಿಂಕ್-1 ಹೊರ ಪೊರೆಯ ಮೇಲೆ ಗುಂಪುಗೂಡುತ್ತದೆ.

2. ಟ್ಯಾಗ್ ಕಟ್ಟುವುದು: ಪಿಂಕ್-1 ಗುಂಪುಗೂಡಿದ ಕಡೆಗೆ ಪಾರ್ಕಿನ್ ಎಂಬ ಇನ್ನೊಂದು ಪ್ರೋಟೀನು ಬರುತ್ತದೆ. ಅದು ಯುಬಿಕ್ವಿಟಿನ್ ಎಂಬ ಚಿಕ್ಕ ಗುರುತುಗಳನ್ನು ಮೈಟೊಕಾಂಡ್ರಿಯಾದ ಮೈತುಂಬ ಅಂಟಿಸುತ್ತದೆ. ಇವೇ ರಿಜೆಕ್ಟ್ ಟ್ಯಾಗ್‌ಗಳು.

3. ಮೂಟೆ ಕಟ್ಟುವುದು: ಟ್ಯಾಗ್ ನೋಡಿದ ಬೇರೆ ಪ್ರೋಟೀನುಗಳು ಒಂದು ಪೊರೆಯನ್ನು ಕರೆತರುತ್ತವೆ. ಅದು ಹಾಳಾದ ಮೈಟೊಕಾಂಡ್ರಿಯಾವನ್ನು ಸುತ್ತಿ ಮೂಟೆ ಕಟ್ಟುತ್ತದೆ.

4. ಕರಗಿಸುವುದು: ಮೂಟೆ ಲೈಸೋಸೋಮ್ ಎಂಬ ಆಮ್ಲೀಯ ಚೀಲಕ್ಕೆ ಸೇರುತ್ತದೆ. ಅಲ್ಲಿ ಎಲ್ಲವೂ ಕರಗಿ, ಬಿಡಿ ಅಂಶಗಳು ಮತ್ತೆ ಕೋಶದ ಬಳಕೆಗೆ ಸಿಗುತ್ತವೆ.

ಇದೊಂದೇ ದಾರಿಯಲ್ಲ. ಟ್ಯಾಗ್ ಇಲ್ಲದೆಯೇ ಮೂಟೆ ಕಟ್ಟುವ ಪೊರೆಯನ್ನು ನೇರವಾಗಿ ಹಿಡಿದುಕೊಳ್ಳುವ ಪ್ರೋಟೀನುಗಳೂ ಮೈಟೊಕಾಂಡ್ರಿಯಾದ ಮೇಲಿವೆ. ಇಲಿಗಳಲ್ಲಿ ಪಿಂಕ್-1 ತೆಗೆದುಹಾಕಿದರೂ ದಿನನಿತ್ಯದ ಮೈಟೋಫೇಜಿ ನಡೆಯುತ್ತದೆ ಎಂದು 2018ರಲ್ಲಿ ಕಂಡುಬಂತು. ಎಂದರೆ ಪಿಂಕ್-1 ಮತ್ತು ಪಾರ್ಕಿನ್ ಜೋಡಿ ವಿಶೇಷವಾಗಿ ತೊಂದರೆ ಬಂದಾಗ ಬೇಕಾಗುವ ವ್ಯವಸ್ಥೆ.

ಇದು ತಿಳಿದುಬಂದ ದಾರಿ

ಲೈಸೋಸೋಮನ್ನು 1955ರಲ್ಲಿ ಗುರುತಿಸಿದವರು ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡೂವ್. ಆಟೋಫೇಜಿ ಎಂಬ ಹೆಸರು ಕೊಟ್ಟವರೂ ಅವರೇ. ಯೀಸ್ಟ್ ಕೋಶಗಳಲ್ಲಿ ಆಟೋಫೇಜಿ ನಡೆಸುವ ವಂಶವಾಹಿಗಳನ್ನು ಹುಡುಕಿದ ಜಪಾನಿನ ಯೋಶಿನೋರಿ ಒಸುಮಿ ಅವರಿಗೆ 2016ರ ನೊಬೆಲ್ ಸಿಕ್ಕಿತು.

ಮಿದುಳಿನ ಕಾಯಿಲೆಗೂ ಮೈಟೊಕಾಂಡ್ರಿಯಾಗೂ ನಂಟಿದೆ ಎಂಬುದು ಒಂದು ದುರಂತದಿಂದ ಗೊತ್ತಾಯಿತು. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಮಾದಕ ವಸ್ತು ಚುಚ್ಚಿಕೊಂಡ ಕೆಲವು ಯುವಕರು ಕೆಲವೇ ದಿನಗಳಲ್ಲಿ ಮರಗಟ್ಟಿದವರಂತಾದರು. ಮುದುಕರಲ್ಲಿ ಕಾಣುವ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳೇ ಅವರಲ್ಲಿ ಕಂಡವು. ಆ ಕಲಬೆರಕೆಯಲ್ಲಿದ್ದ ಎಂಪಿಟಿಪಿ ಎಂಬ ರಾಸಾಯನಿಕ ಮಿದುಳಿಗೆ ಸೇರಿ, ಡೋಪಮಿನ್ ತಯಾರಿಸುವ ಕೋಶಗಳ ಮೈಟೊಕಾಂಡ್ರಿಯಾವನ್ನೇ ಕಟ್ಟಿಹಾಕಿತ್ತು.

ಪಾರ್ಕಿನ್ ವಂಶವಾಹಿ ಪತ್ತೆಯಾದದ್ದು 1998ರಲ್ಲಿ, ಚಿಕ್ಕ ವಯಸ್ಸಿಗೇ ಪಾರ್ಕಿನ್ಸನ್ ಬಂದ ಜಪಾನಿನ ಕುಟುಂಬಗಳಲ್ಲಿ. 2004ರಲ್ಲಿ ಯುರೋಪಿನ ಕೆಲವು ಕುಟುಂಬಗಳಲ್ಲಿ ಪಿಂಕ್-1 ದೋಷ ಸಿಕ್ಕಿತು. ಪಾರ್ಕಿನ್ ಹಾಳಾದ ಮೈಟೊಕಾಂಡ್ರಿಯಾದ ಮೇಲೆ ಹೋಗಿ ಕೂರುತ್ತದೆ ಎಂದು 2008ರಲ್ಲಿ ಅಮೆರಿಕದ ರಿಚರ್ಡ್ ಯೂಲ್ ಅವರ ತಂಡ ತೋರಿಸಿತು. ಅಲ್ಲಿಯವರೆಗೆ ಬಿಡಿಬಿಡಿಯಾಗಿದ್ದ ವಿಷಯಗಳು ಆಗ ಒಂದಕ್ಕೊಂದು ಸೇರಿದವು.

ನರಕೋಶಕ್ಕೆ ಇರುವ ಹೆಚ್ಚಿನ ಕಷ್ಟ

ಬೇರೆ ಕೋಶಗಳು ದುಂಡಗೆ, ಚಿಕ್ಕದಾಗಿ ಇರುತ್ತವೆ. ನರಕೋಶಕ್ಕೆ ಉದ್ದನೆಯ ತಂತು ಇರುತ್ತದೆ. ಬೆನ್ನುಹುರಿಯಿಂದ ಕಾಲಿನ ತುದಿಗೆ ಹೋಗುವ ತಂತು ಸುಮಾರು ಒಂದು ಮೀಟರ್. ಮೈಟೊಕಾಂಡ್ರಿಯಾ ತಂತುವಿನ ತುದಿಯಲ್ಲೂ ಬೇಕು, ಆದರೆ ಕರಗಿಸುವ ಲೈಸೋಸೋಮ್‌ಗಳು ಹೆಚ್ಚಾಗಿರುವುದು ಕೋಶದ ನಡುಭಾಗದ ಹತ್ತಿರ. ತಂತುವಿನ ತುದಿಯಲ್ಲಿ ಕಟ್ಟಿದ ಮೂಟೆಗಳು ಹಳಿಯ ಮೇಲೆ ಹೋಗುವಂತೆ ಹಿಂದಕ್ಕೆ ಸಾಗಬೇಕು. ಸೆಕೆಂಡಿಗೆ ಒಂದು ಮೈಕ್ರೋಮೀಟರ್ ವೇಗದಲ್ಲಿ ಎಲ್ಲೂ ನಿಲ್ಲದೆ ಹೊರಟರೂ ಒಂದು ಮೀಟರಿಗೆ ಹನ್ನೊಂದು ಹನ್ನೆರಡು ದಿನ ಬೇಕು. ಡೆಂಕಣಿಕೋಟೆ ಕಾಡಂಚಿನ ಹಳ್ಳಿಯ ಕಸ ಹೊಸೂರಿಗೆ ಬಂದೇ ವಿಲೇವಾರಿ ಆಗಬೇಕು ಎಂದರೆ ಎಷ್ಟು ಕಷ್ಟವೋ ಅಷ್ಟು.

ಡೋಪಮಿನ್ ಕೋಶಗಳ ಕಷ್ಟ ಇನ್ನೂ ಹೆಚ್ಚು. ಇವು ಮಿದುಳಿನ ಆಳದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಕಪ್ಪು ಬಣ್ಣದ ಭಾಗದಲ್ಲಿವೆ. ಮನುಷ್ಯರಲ್ಲಿ ಇಂಥ ಒಂದೇ ಕೋಶದ ತಂತು ಕವಲೊಡೆದು ಹತ್ತು ಲಕ್ಷಕ್ಕೂ ಹೆಚ್ಚು ಸಂಪರ್ಕಗಳನ್ನು ನೋಡಿಕೊಳ್ಳುತ್ತದೆ ಎಂಬ ಅಂದಾಜಿದೆ. ಕೆಲಸ ಹೆಚ್ಚಾದಷ್ಟೂ ಕಸ ಹೆಚ್ಚು. ಪಾರ್ಕಿನ್ಸನ್‌ನಲ್ಲಿ ಸಾಯುವ ಕೋಶಗಳಲ್ಲಿ ಇವೇ ಮುಖ್ಯವಾಗಿರುವುದಕ್ಕೆ ಇದೂ ಒಂದು ಕಾರಣ ಎಂದು ಅನೇಕ ವಿಜ್ಞಾನಿಗಳು ಭಾವಿಸುತ್ತಾರೆ.

ಎಲ್ಲ ಕಸವನ್ನೂ ನರಕೋಶ ತಾನೇ ಕರಗಿಸುವುದಿಲ್ಲ ಎಂಬುದೂ ಈಗ ಗೊತ್ತಾಗಿದೆ. ಇಲಿಯ ಕಣ್ಣಿನ ನರದಲ್ಲಿ ನರಕೋಶಗಳು ಹಳೆಯ ಮೈಟೊಕಾಂಡ್ರಿಯಾಗಳನ್ನು ಪಕ್ಕದ ಆಸ್ಟ್ರೋಸೈಟ್ ಎಂಬ ಸಹಾಯಕ ಕೋಶಗಳಿಗೆ ದಾಟಿಸುತ್ತವೆ ಎಂದು 2014ರಲ್ಲಿ ವರದಿಯಾಯಿತು. ಒಂದು ಬಗೆಯ ಸಣ್ಣ ಹುಳುವಿನ ನರಕೋಶಗಳು ಕಸವನ್ನು ಉಂಡೆ ಮಾಡಿ ಹೊರಕ್ಕೆ ತಳ್ಳುತ್ತವೆ ಎಂದು 2017ರಲ್ಲಿ ತಿಳಿಯಿತು.

ವಯಸ್ಸಾದಂತೆ ಏನಾಗುತ್ತದೆ?

ಈ ಸರಪಳಿಯ ಹಲವು ಕೊಂಡಿಗಳು ಸಡಿಲವಾಗುತ್ತವೆ.

ಮೊದಲನೆಯದು, ಕೆಲಸವೇ ಕಡಿಮೆಯಾಗುವುದು. ಮೈಟೋಫೇಜಿ ನಡೆದಾಗ ಬಣ್ಣ ಬದಲಾಗುವಂಥ ಪ್ರೋಟೀನು ಇರುವ ಇಲಿಗಳನ್ನು ಬೆಳೆಸಿ 2015ರಲ್ಲಿ ನೋಡಿದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ಒಂದು ಭಾಗದಲ್ಲಿ, ಎಳೆಯ ಇಲಿಗಳಿಗೆ ಹೋಲಿಸಿದರೆ ಮುದಿ ಇಲಿಗಳಲ್ಲಿ ಮೈಟೋಫೇಜಿ ಬಹಳ ಇಳಿದಿತ್ತು.

ಎರಡನೆಯದು, ಮೂಟೆ ಕಟ್ಟುವುದರಲ್ಲಿ ತೊಡಕು. ವಯಸ್ಸಾದ ಇಲಿಗಳ ನರಕೋಶಗಳಲ್ಲಿ ಸುತ್ತುವ ಪೊರೆ ಶುರುವಾದರೂ ಪೂರ್ತಿಯಾಗದೆ ಅರ್ಧಕ್ಕೇ ನಿಲ್ಲುತ್ತದೆ. ಅಮೆರಿಕದ ಎರಿಕಾ ಹೋಲ್ಜ್‌ಬಾರ್ ಅವರ ತಂಡ 2019ರಲ್ಲಿ ಇದನ್ನು ಪ್ರಕಟಿಸಿತು. ಒಂದು ನಿರ್ದಿಷ್ಟ ಪ್ರೋಟೀನನ್ನು ಹೆಚ್ಚಿಸಿದಾಗ ಮುದಿ ಕೋಶಗಳೂ ಮತ್ತೆ ಮೂಟೆ ಕಟ್ಟಿದವು. ಶಕ್ತಿ ಪೂರ್ತಿ ಹೋಗಿರುವುದಿಲ್ಲ, ಕುಂದಿರುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಮೂರನೆಯದು, ಕರಗಿಸುವ ಚೀಲಗಳೇ ತುಂಬಿಹೋಗುವುದು. ವಯಸ್ಸಾದ ನರಕೋಶಗಳಲ್ಲಿ ಲಿಪೊಫಸ್ಸಿನ್ ಎಂಬ ಹಳದಿ ಕಂದು ಬಣ್ಣದ, ಕರಗದ ಕಸ ಲೈಸೋಸೋಮ್‌ಗಳಲ್ಲಿ ತುಂಬಿಕೊಳ್ಳುತ್ತದೆ.

ಪರಿಣಾಮ ಮನುಷ್ಯರ ಮಿದುಳಿನಲ್ಲೂ ಕಂಡಿದೆ. ವಯಸ್ಸಾದವರ ಡೋಪಮಿನ್ ಕೋಶಗಳಲ್ಲಿ ತುಂಡು ಕಳೆದುಕೊಂಡ ಮೈಟೊಕಾಂಡ್ರಿಯಾ ಡಿಎನ್ಎ ಹೆಚ್ಚು ಪ್ರಮಾಣದಲ್ಲಿ ಸಂಗ್ರಹವಾಗಿರುತ್ತದೆ ಎಂದು 2006ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ತೋರಿಸಿದವು. ಆಲ್ಝೈಮರ್ ಕಾಯಿಲೆಯಿಂದ ತೀರಿಕೊಂಡವರ ಹಿಪೊಕ್ಯಾಂಪಸ್‌ನಲ್ಲಿ ಮೈಟೋಫೇಜಿ ಕುಗ್ಗಿತ್ತು ಎಂದು 2019ರ ಒಂದು ಅಧ್ಯಯನ ಹೇಳಿತು.

ಹೊಸೂರು ರಸ್ತೆಯ ಮಿದುಳು ಬ್ಯಾಂಕ್

ನಮ್ಮ ಊರಿನ ಹೆಸರು ಹೊತ್ತ ಬೆಂಗಳೂರಿನ ಹೊಸೂರು ರಸ್ತೆಯಲ್ಲೇ ನಿಮ್ಹಾನ್ಸ್ ಇದೆ. ನಮ್ಮಲ್ಲಿ ಎಷ್ಟೋ ಮನೆಯವರು ಚಿಕಿತ್ಸೆಗೆ ಹೋಗಿಬಂದಿದ್ದಾರೆ. ಅಲ್ಲಿ ಒಂದು ಮಿದುಳು ಬ್ಯಾಂಕ್ ಇದೆ ಎಂಬುದು ಎಲ್ಲರಿಗೂ ತಿಳಿದಿರಲಿಕ್ಕಿಲ್ಲ. ಡಾ. ಎಸ್.ಕೆ. ಶಂಕರ್ ಅವರ ನೇತೃತ್ವದಲ್ಲಿ 1995ರಲ್ಲಿ ಶುರುವಾದ ಇದರಲ್ಲಿ, ತೀರಿಕೊಂಡವರ ಕುಟುಂಬಗಳು ಒಪ್ಪಿ ಕೊಟ್ಟ ಮಿದುಳುಗಳನ್ನು ಸಂಶೋಧನೆಗಾಗಿ ಕಾಪಾಡುತ್ತಾರೆ.

1998ರಲ್ಲಿ ನಿಮ್ಹಾನ್ಸ್‌ನ ಡಾ. ಉದಯ ಮುಠಾಣೆ ಮತ್ತು ಸಂಗಡಿಗರು ಈ ಕಾಯಿಲೆ ಇಲ್ಲದ ಭಾರತೀಯರ ಮಿದುಳುಗಳಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾದ ಕಪ್ಪು ಕೋಶಗಳನ್ನು ಎಣಿಸಿ ಪ್ರಕಟಿಸಿದರು. ಅದರಲ್ಲಿ ಎರಡು ಅಚ್ಚರಿಗಳಿದ್ದವು. ಒಂದು, ಬ್ರಿಟನ್ನಿನವರ ಮಿದುಳುಗಳಿಗಿಂತ ನಮ್ಮವರಲ್ಲಿ ಈ ಕೋಶಗಳು ಸುಮಾರು ಶೇ. 40ರಷ್ಟು ಕಡಿಮೆ. ಎರಡು, ವಯಸ್ಸಾದಂತೆ ಅವುಗಳ ಸಂಖ್ಯೆ ಗಮನಾರ್ಹವಾಗಿ ಇಳಿದಿರಲಿಲ್ಲ. 2009ರಲ್ಲಿ ಡಾ. ಫಲ್ಗುಣಿ ಆನಂದ್ ಅಲ್ಲಾಡಿ ಮತ್ತು ಸಂಗಡಿಗರು ಇನ್ನೂ ನಿಖರವಾದ ಎಣಿಕೆ ವಿಧಾನದಲ್ಲಿ ನೋಡಿದಾಗಲೂ ವಯಸ್ಸಿನಿಂದ ಇಳಿಕೆ ಕಾಣಲಿಲ್ಲ.

ಇದನ್ನು ನಾವು ಮತ್ತೆ ಮತ್ತೆ ಹೇಳಬೇಕು. ನಮ್ಮವರದೇ ಮಿದುಳುಗಳನ್ನು ನೋಡಿದಾಗ ಸಿಕ್ಕ ಉತ್ತರ ಏನೆಂದರೆ, ಡೋಪಮಿನ್ ಕೋಶಗಳು ಸಾಯುವುದು ಮುಪ್ಪಿನ ಕಡ್ಡಾಯ ಭಾಗವಲ್ಲ. ಎಂಬತ್ತು ವರ್ಷವಾದರೂ ಅವು ಉಳಿಯಬಹುದು. ಉಳಿದಿಲ್ಲವೆಂದರೆ ಅದು ಕಾಯಿಲೆ, ಅದನ್ನು ವೈದ್ಯರಿಗೆ ತೋರಿಸಬೇಕು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ರವಿ ಮಂಜಿತ್ತಾಯ ಅವರ ಪ್ರಯೋಗಾಲಯ ಆಟೋಫೇಜಿಯನ್ನೇ ಅಧ್ಯಯನ ಮಾಡುತ್ತದೆ. ಯೀಸ್ಟ್ ಕೋಶಗಳಲ್ಲಿ ಅನೇಕ ರಾಸಾಯನಿಕಗಳನ್ನು ಪರೀಕ್ಷಿಸಿ, ಆಟೋಫೇಜಿ ಹೆಚ್ಚಿಸುವ '6-ಬಯೋ' ಎಂಬ ಅಣುವನ್ನು ಅವರು ಆರಿಸಿದರು. ಎಂಪಿಟಿಪಿ ಕೊಟ್ಟ ಇಲಿಗಳಲ್ಲಿ ಅದು ಡೋಪಮಿನ್ ಕೋಶಗಳಿಗೆ ರಕ್ಷಣೆ ಕೊಟ್ಟಿತೆಂದು 2017ರಲ್ಲಿ ಪ್ರಕಟವಾಯಿತು. ಇದು ಇಲಿಗಳ ಮೇಲಿನ ಪ್ರಯೋಗ, ಅಂಗಡಿಯಲ್ಲಿ ಸಿಗುವ ಔಷಧವಲ್ಲ.

ನಮ್ಮ ನೆರೆಯ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 2018ರಿಂದ, ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಒಂದು ದೊಡ್ಡ ಅಧ್ಯಯನ ನಡೆಸುತ್ತಿದೆ. 45 ವರ್ಷ ದಾಟಿದ ಹಳ್ಳಿಯ ಜನರ ನೆನಪು, ರಕ್ತ, ಮಿದುಳಿನ ಸ್ಕ್ಯಾನ್ ಎಲ್ಲವನ್ನೂ ವರ್ಷಗಟ್ಟಲೆ ಮತ್ತೆ ಮತ್ತೆ ನೋಡುತ್ತಾರೆ. ಗುರಿ 10,000 ಜನ. ಅಲ್ಲಿನವರೂ ನಮ್ಮ ಹಾಗೆಯೇ ಮನೆಯಲ್ಲೊಂದು, ಸಂತೆಯಲ್ಲೊಂದು ಭಾಷೆ ಆಡುವವರು.

ನಮ್ಮ ಮನೆಗಳಿಗೆ ಸಂಬಂಧಿಸಿದ್ದು

ಸಂಬಂಧದೊಳಗಿನ ಮದುವೆ: ಪಿಂಕ್-1, ಪಾರ್ಕಿನ್ ದೋಷದಿಂದ ಬರುವ ಪಾರ್ಕಿನ್ಸನ್ ಸಾಮಾನ್ಯವಾಗಿ ತಂದೆ ಮತ್ತು ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸುತ್ತದೆ. ಸೋದರಮಾವ, ಅತ್ತೆಮಗ, ಮಾವನ ಮಗಳು ಎಂದು ಮದುವೆಯಾಗುವ ರೂಢಿ ನಮ್ಮ ಕಡೆ ಇನ್ನೂ ಇದೆ. ಇಂಥ ಮದುವೆಗಳಲ್ಲಿ ಎರಡೂ ಪ್ರತಿ ಕೆಟ್ಟಿರುವ ಸಾಧ್ಯತೆ ಹೆಚ್ಚು. ಯಾರನ್ನೂ ದೂಷಿಸಲು ನಾವು ಇದನ್ನು ಬರೆಯುತ್ತಿಲ್ಲ. ಮನೆಯಲ್ಲಿ ನಲವತ್ತರೊಳಗಿನವರಿಗೆ ನಡುಕ, ನಿಧಾನ, ಕಾಲು ಎಳೆಯುವುದು ಕಂಡರೆ ನರರೋಗ ತಜ್ಞರಿಗೆ ತೋರಿಸಿ, ಸಂಬಂಧದೊಳಗಿನ ಮದುವೆಯ ವಿಷಯವನ್ನು ಸಂಕೋಚವಿಲ್ಲದೆ ಹೇಳಿ.

ತೋಟದ ಔಷಧಿ: ಹೊಸೂರಿನ ಗುಲಾಬಿ, ಸೂಳಗಿರಿ ಕಡೆಯ ಟೊಮೆಟೊ, ಕೃಷ್ಣಗಿರಿಯ ಮಾವು ಬೆಳೆಯುವ ಸದಸ್ಯರು ಇದನ್ನು ಗಮನಿಸಿ. ಪ್ಯಾರಾಕ್ವಾಟ್ ಎಂಬ ಕಳೆನಾಶಕ, ರೋಟೆನೋನ್ ಎಂಬ ಕೀಟನಾಶಕ ಬಳಸಿದ ಅಮೆರಿಕದ ಕೃಷಿಕರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚಿತ್ತು ಎಂದು 2011ರ ಅಧ್ಯಯನ ಹೇಳಿತು. ರೋಟೆನೋನ್ ತಡೆಯುವುದು ಎಂಪಿಟಿಪಿ ತಡೆದ ಮೈಟೊಕಾಂಡ್ರಿಯಾ ಭಾಗವನ್ನೇ. ಔಷಧಿ ಹೊಡೆಯುವಾಗ ಕೈಗವಸು, ಮುಖಗವಸು, ಉದ್ದ ತೋಳಿನ ಅಂಗಿ ಇರಲಿ. ಗಾಳಿಗೆ ಎದುರಾಗಿ ಹೊಡೆಯಬೇಡಿ. ಬಟ್ಟೆ ಬೇರೆ ಒಗೆಯಿರಿ. ಕೂಲಿಗೆ ಬಂದವರಿಗೂ ಇವನ್ನೆಲ್ಲ ಕೊಡಿ.

ನಡಿಗೆ ಮತ್ತು ಆಹಾರ: ವ್ಯಾಯಾಮ ಮಾಡಿದ ಪ್ರಾಣಿಗಳಲ್ಲಿ ಆಟೋಫೇಜಿ ಹೆಚ್ಚುತ್ತದೆ. ಮನುಷ್ಯರಲ್ಲೂ ನಿಯಮಿತ ನಡಿಗೆ, ರಕ್ತದೊತ್ತಡ ಮತ್ತು ಸಕ್ಕರೆಯ ಹತೋಟಿ ಮಿದುಳಿಗೆ ಒಳ್ಳೆಯದು. ದಾಳಿಂಬೆಯ ಅಂಶದಿಂದ ಕೆಲವರ ಕರುಳಿನಲ್ಲಿ ಯುರೋಲಿಥಿನ್-ಎ ಎಂಬ ವಸ್ತು ತಯಾರಾಗುತ್ತದೆ, ಹುಳುಗಳಲ್ಲಿ ಅದು ಮೈಟೋಫೇಜಿ ಹೆಚ್ಚಿಸಿತು. ದಾಳಿಂಬೆ ತಿನ್ನಿ, ಆದರೆ ಅದನ್ನು ಮಾತ್ರೆಗೆ ಬದಲಿ ಎಂದು ತಿಳಿಯಬೇಡಿ. ಉಪವಾಸದಿಂದ ಮಿದುಳು ಶುದ್ಧಿಯಾಗುತ್ತದೆ ಎಂದು ವಾಟ್ಸಾಪ್‌ನಲ್ಲಿ ಬರುವ ಸಂದೇಶ ನಂಬಿ, ಸಕ್ಕರೆ ಕಾಯಿಲೆಯ ಹಿರಿಯರನ್ನು ಹಸಿವಿನಲ್ಲಿ ಇಡಬೇಡಿ.

ಭಾಷೆ: ಇದು ಮೈಟೊಕಾಂಡ್ರಿಯಾದ ವಿಷಯವಲ್ಲದಿದ್ದರೂ ಗಡಿಭಾಗದ ನಮಗೆ ಹತ್ತಿರದ್ದು. ಹೈದರಾಬಾದಿನ ಒಂದು ಆಸ್ಪತ್ರೆಯ 648 ಮರೆವಿನ ರೋಗಿಗಳನ್ನು ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಎರಡು ಅಥವಾ ಹೆಚ್ಚು ಭಾಷೆ ಆಡುವವರಿಗೆ ಒಂದೇ ಭಾಷೆಯವರಿಗಿಂತ ಮರೆವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು. ಓದುಬರಹ ಇಲ್ಲದವರಲ್ಲೂ ತಡವಾಗಿಯೇ ಬಂದಿತ್ತು. ಕನ್ನಡ, ತೆಲುಗು, ತಮಿಳು ಮೂರನ್ನೂ ಆಡುವ ನಮ್ಮ ಹಿರಿಯರು ಮೊಮ್ಮಕ್ಕಳ ಜೊತೆ ಕನ್ನಡದಲ್ಲಿ ಮಾತಾಡಲಿ, ಕಥೆ ಹೇಳಲಿ. ನೆನಪಿನ ಪರೀಕ್ಷೆಗೆ ಕರೆದುಕೊಂಡು ಹೋದಾಗ, ಅವರು ಕನಸು ಕಾಣುವ ಭಾಷೆ ಯಾವುದೋ ಆ ಭಾಷೆಯಲ್ಲೇ ಪ್ರಶ್ನೆ ಕೇಳಲು ವೈದ್ಯರನ್ನು ವಿನಂತಿಸಿ. ತಮಿಳಿನಲ್ಲಿ ಕೇಳಿದ್ದಕ್ಕೆ ತಡವರಿಸಿದರೆ ಅದು ಮರೆವು ಆಗಬೇಕಿಲ್ಲ.

ತಡಮಾಡದೆ ತೋರಿಸಬೇಕಾದ ಲಕ್ಷಣಗಳು

• ಸುಮ್ಮನೆ ಕುಳಿತಾಗ ಒಂದು ಕೈ ನಡುಗುವುದು
• ನಡೆಯುವಾಗ ಒಂದು ಕೈ ಬೀಸದಿರುವುದು, ಹೆಜ್ಜೆ ಚಿಕ್ಕದಾಗುವುದು
• ಕೈಬರಹ ಸಣ್ಣದಾಗುತ್ತ ಹೋಗುವುದು
• ವಾಸನೆ ತಿಳಿಯದಿರುವುದು, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು
• ಗೊತ್ತಿರುವ ದಾರಿ ತಪ್ಪುವುದು, ಹಣದ ಲೆಕ್ಕ ಕೈತಪ್ಪುವುದು

ಇವುಗಳಲ್ಲಿ ಒಂದಿದ್ದ ಮಾತ್ರಕ್ಕೆ ಕಾಯಿಲೆ ಎಂದಲ್ಲ. ಥೈರಾಯ್ಡ್, ಬಿ-12 ಕೊರತೆ, ಕೆಲವು ಮಾತ್ರೆಗಳಿಂದಲೂ ಇಂಥವು ಬರಬಹುದು, ಅವನ್ನು ಸರಿಪಡಿಸಬಹುದು. ಪಾರ್ಕಿನ್ಸನ್ ಆದರೂ ಲೆವೊಡೋಪಾದಂಥ ಔಷಧಗಳಿಂದ ಎಷ್ಟೋ ವರ್ಷ ನಡೆದಾಡಿಕೊಂಡು, ತಮ್ಮ ಕೆಲಸ ತಾವು ಮಾಡಿಕೊಂಡು ಇರಬಹುದು. ತೋರಿಸದಿದ್ದರೆ ಅಷ್ಟು ವರ್ಷಗಳೂ ನಷ್ಟ.

ಮುಂದಿನ ಸಲ ಮನೆಯಲ್ಲಿ ಯಾರಾದರೂ "ವಯಸ್ಸಾಯ್ತಲ್ಲ" ಎಂದರೆ, "ವಯಸ್ಸಾಗಿದೆ ಸರಿ, ಒಮ್ಮೆ ತೋರಿಸೋಣ" ಎನ್ನಿ. ಈ ಲೇಖನವನ್ನು ಹಿರಿಯರಿಗೆ ಓದಿ ಹೇಳಿ. ನಿಮ್ಮ ಪ್ರಶ್ನೆಗಳನ್ನು, ಹಿರಿಯರನ್ನು ನೋಡಿಕೊಂಡ ಅನುಭವಗಳನ್ನು ಬರೆದು ಕಳಿಸಿ. ನಾವು ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.